ಕೆಲಸದ ಮೇಲೆ ಕಂಡ ದೇಶಗಳು

ಕೆಲಸದ ಮೇಲೆ ನಾಲ್ಕಾರು ದೇಶ ತಿರುಗಿ ಬಂದವರು ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೆಂದರೆ ಪಕ್ಕದ ಎಲೆಯವರಿಂದ ಎರಡು ಪ್ರಶ್ನೆ ಬಂದೇ ಬರುತ್ತವೆ: ತುಂಬ ಇಷ್ಟವಾದ ದೇಶ ಯಾವುದು, ಸ್ವಲ್ಪವೂ ಹಿಡಿಸದ್ದು ಯಾವುದು? ಕೇಳಿದವರಿಗೆ ಒಂದೊಂದು ಹೆಸರು ಸಿಕ್ಕರೆ ಸಾಕು. ಜಪಾನ್ ಎಂದರೆ ತಲೆದೂಗುತ್ತಾರೆ, ನೈಜೀರಿಯಾ ಎಂದರೆ ಅಯ್ಯೋ ಎನ್ನುತ್ತಾರೆ, ಅಷ್ಟರಲ್ಲಿ ಸಾರಿನವನು ಬಂದು ಮಾತು ಮುಗಿಯುತ್ತದೆ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಮಾರಾಟ ವಿಭಾಗದಲ್ಲಿ ದುಡಿದ ನನಗೂ ಈ ಪ್ರಶ್ನೆಗಳು ಹೊಸವಲ್ಲ, ಉತ್ತರ ಕೊಡುವುದೂ ಕಷ್ಟವಲ್ಲ. ಆದರೆ ಆ ಉತ್ತರ ಎಲ್ಲಿಂದ ಹುಟ್ಟಿ ಬರುತ್ತದೆ, ಒಂದು ದೇಶ ಹಿಡಿಸಿತು ಎನ್ನುವಾಗ ನಿಜಕ್ಕೂ ನಮಗೆ ಹಿಡಿಸಿದ್ದು ಏನು ಎಂದು ಯೋಚಿಸತೊಡಗಿದರೆ ಮಾತ್ರ ಎಲೆಯಲ್ಲಿ ಬಡಿಸಿದ್ದು ಆರಿಹೋಗುತ್ತದೆ.

ಯಾತ್ರೆಗೆ ಹೋಗುವವನು ತಾನು ನೋಡಬೇಕಾದ ಊರನ್ನು ಮನೆಯಲ್ಲಿ ಕುಳಿತೇ ಪ್ರೀತಿಸಿ ಹೊರಟಿರುತ್ತಾನೆ. ಪ್ರವಾಸಿಯದು ಇನ್ನೊಂದು ಬಗೆ. ಕೈಯಿಂದ ದುಡ್ಡು ಸುರಿದ ಮೇಲೆ ಇಷ್ಟವಾಗಲಿಲ್ಲ ಎಂದು ಹೇಳುವುದಕ್ಕೆ ಅವನಿಗೆ ಬಾಯಿ ಬರುವುದಿಲ್ಲ. ಕೆಲಸದ ಮೇಲೆ ಹೋದವನಿಗೆ ಈ ಎರಡೂ ಕಟ್ಟುಗಳಿಲ್ಲ. ಅವನನ್ನು ಕಳಿಸಿದವರು ಬೇರೆ, ಕರೆಸಿಕೊಂಡವರು ಬೇರೆ, ಟಿಕೆಟ್ಟಿನ ದುಡ್ಡು ಕಂಪನಿಯದು, ಹೋಗುವ ಊರು ಆಯ್ದದ್ದಲ್ಲ, ಒದಗಿದ್ದು. ಹಾಗಾಗಿ ಅವನ ಮೆಚ್ಚುಗೆ ಮತ್ತು ಅಸಮಾಧಾನ ಹೆಚ್ಚು ಪ್ರಾಮಾಣಿಕವಾಗಿರಬೇಕಲ್ಲವೆ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅವನು ದೇಶವನ್ನು ನೋಡುವುದು ತಾನು ಹೋದ ಕೆಲಸದ ಕಿಂಡಿಯಿಂದ. ಆರ್ಡರ್ ಸಿಕ್ಕಿದ ಊರಿನ ಮಳೆಯೂ ಚೆಂದ, ಹಣ ಬಾಕಿ ಉಳಿಸಿಕೊಂಡ ಊರಿನ ಬೆಳದಿಂಗಳಲ್ಲೂ ಏನೋ ಮೋಸ. ವೀಸಾದ ಕೌಂಟರಿನಲ್ಲಿ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಸಂಬಳದ ಚೀಟಿ, ವಾಪಸು ಬರುವ ಟಿಕೆಟ್ಟು ಎಲ್ಲವನ್ನೂ ಒಪ್ಪಿಸಿ, ನಾನು ನಿಮ್ಮ ದೇಶದಲ್ಲಿ ಉಳಿದುಬಿಡುವವನಲ್ಲ ಎಂದು ನಂಬಿಸಬೇಕಾದವನಿಗೆ ಆ ದೇಶದ ಮೊದಲ ಮುಖವೇ ಅನುಮಾನದ ಮುಖ. ವಿಮಾನ ಹತ್ತುವ ಮೊದಲೇ ಅವನ ಅರ್ಧ ತೀರ್ಪು ಬರೆದು ಮುಗಿದಿರುತ್ತದೆ.

ಇದು ಈ ಕಾಲದ ಕಂಪನಿ ನೌಕರರಿಗೆ ಮಾತ್ರ ಅಂಟಿದ್ದೇನಲ್ಲ. ನಮ್ಮ ನೆಲಕ್ಕೆ ಬಂದು ಹೋದ ವಿದೇಶೀಯರಲ್ಲಿ ಹಂಪೆಯನ್ನು ಹೊಗಳಿದವನೆಂದು ಶಾಲೆಯ ಪಾಠದಲ್ಲಿ ಓದಿದ ಅಬ್ದುರ್ ರಜಾಕನನ್ನೇ ನೋಡಿ. 1413ರಲ್ಲಿ ಹೆರಾತಿನಲ್ಲಿ ಹುಟ್ಟಿದ ಈತ ತನ್ನ ಇಷ್ಟದಿಂದ ಹೊರಟವನಲ್ಲ. ತೈಮೂರನ ಮಗ ಶಾಹರೂಖ್ 1442ರಲ್ಲಿ ಅವನನ್ನು ರಾಯಭಾರಿಯಾಗಿ ಕಲ್ಲಿಕೋಟೆಗೆ ಕಳಿಸಿದ. ಹೊರ್ಮುಜ್‌ನಲ್ಲಿ ತಡವಾಯಿತು, ಗಾಳಿಯ ಕಾಲ ತಪ್ಪಿತು, ಅರಬ್ಬಿ ಕರಾವಳಿಯ ಸೆಕೆಯಲ್ಲಿ ಕಾಯಿಲೆ ಬಿದ್ದ, ಜೊತೆಗಿದ್ದ ಅಣ್ಣ ತೀರಿಕೊಂಡ. ಕೊನೆಗೆ ಕಲ್ಲಿಕೋಟೆ ಮುಟ್ಟಿದರೆ ಅಲ್ಲಿನ ದೊರೆ ಸಾಮೂದಿರಿ ಇವನ ಕಾಗದವನ್ನೂ ಕಾಣಿಕೆಯನ್ನೂ ಅಂಥ ದೊಡ್ಡದೆಂದು ಎಣಿಸಲಿಲ್ಲ. ತಿಂಗಳುಗಟ್ಟಲೆ ಅಲ್ಲಿ ಬೇಸರದಲ್ಲಿ ಕೊಳೆಯುತ್ತಿದ್ದವನಿಗೆ ಒಂದು ರಾತ್ರಿ ಕನಸಿನಲ್ಲಿ ಶಾಹರೂಖನೇ ಬಂದು ಸಮಾಧಾನ ಹೇಳಿದನಂತೆ, ಮರುದಿನವೇ ವಿಜಯನಗರದಿಂದ ಕರೆ ಬಂತಂತೆ. ಹೊರನಾಡಿನಲ್ಲಿ ಕೆಲಸ ಕೆಟ್ಟು ಕುಳಿತವನಿಗೆ ಮೇಲಿನವರು ಕನಸಿನಲ್ಲಿ ಬರುತ್ತಾರೆ ಎನ್ನುವುದನ್ನು ಆರು ಶತಮಾನದ ಆಚೆಯವನೊಬ್ಬ ಇಷ್ಟು ಸಂಕೋಚವಿಲ್ಲದೆ ಬರೆದಿಟ್ಟಿದ್ದಾನಲ್ಲ ಎಂದು ನನಗೆ ಅವನ ಮೇಲೆ ಅಕ್ಕರೆ.

ಮಂಗಳೂರಿನಲ್ಲಿ ಇಳಿದು, ಘಟ್ಟ ಹತ್ತಿ, ದಾರಿಯ ದೇವಾಲಯಗಳಿಗೆ ಬೆರಗಾಗುತ್ತ, 1443ರ ಬೇಸಗೆಯಲ್ಲಿ ಅವನು ವಿಜಯನಗರ ಮುಟ್ಟುತ್ತಾನೆ. ಅಲ್ಲಿಂದ ಬರಹದ ದನಿಯೇ ಬದಲು. ಒಂದರೊಳಗೊಂದು ಏಳು ಕೋಟೆ, ಬಯಲಲ್ಲೇ ರತ್ನ ಮಾರುವ ಅಂಗಡಿಗಳು, ಮಹಾನವಮಿಯ ವೈಭವ. ಇವನ್ನು ಬಲ್ಲೆವು. ಆದರೆ ಅದೇ ಬರಹದಲ್ಲಿ ಪಾಠಪುಸ್ತಕದವರು ಬಿಟ್ಟುಬಿಡುವ ಒಂದು ಲೆಕ್ಕವಿದೆ. ಇಮ್ಮಡಿ ದೇವರಾಯ ಇವನ ಖರ್ಚಿಗೆಂದು ಗೊತ್ತು ಮಾಡಿದ ದಿನಭತ್ಯೆ: ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಜೊತೆಗೆ ಎರಡು ವರಹ ಚಿನ್ನ. ವಾರಕ್ಕೆರಡು ಸಂಜೆ ಅರಮನೆಗೆ ಕರೆಸಿ ಮಾತು, ವೀಳ್ಯ, ಕರ್ಪೂರ, ಹಣದ ಚೀಲ. ದೊರೆಯ ಸೊಬಗನ್ನು ಎಷ್ಟು ಮನಸ್ಸಿಟ್ಟು ಬಣ್ಣಿಸುತ್ತಾನೋ ಅಷ್ಟೇ ಮನಸ್ಸಿಟ್ಟು ಈ ಪಟ್ಟಿಯನ್ನೂ ಬರೆದಿದ್ದಾನೆ. ಬಳಿಕ ಒಂದು ತೊಡಕು. ಅವನು ದಣಾಯಕ ಎಂದು ಕರೆಯುವ ಮಂತ್ರಿ ಕಲಬುರಗಿಯ ಕಡೆ ದಂಡೆತ್ತಿ ಹೋದಾಗ, ಅವನ ಸ್ಥಾನದಲ್ಲಿ ಕುಳಿತ ಇನ್ನೊಬ್ಬ ಅಧಿಕಾರಿ ಈ ದಿನಭತ್ಯೆಯನ್ನು ನಿಲ್ಲಿಸಿಬಿಟ್ಟ. ಹೊರ್ಮುಜ್‌ನ ವ್ಯಾಪಾರಿಗಳು, ಈತ ನಿಜವಾದ ರಾಯಭಾರಿಯೇ ಅಲ್ಲ ಎಂದು ಕಿವಿಯೂದಿದರು. ಆ ಅಧಿಕಾರಿಯ ಬಗ್ಗೆ ರಜಾಕ್ ಬರೆದಿರುವ ಮಾತುಗಳನ್ನು ಮಕ್ಕಳ ಮುಂದೆ ಓದುವ ಹಾಗಿಲ್ಲ. ದಣಾಯಕ ಮರಳಿ ಬಂದು, ನಿಲ್ಲಿಸಿದವನನ್ನು ಗದರಿ, 7,000 ವರಹ ಮಂಜೂರು ಮಾಡಿದ ಮೇಲೆ ಮತ್ತೆ ಲೋಕ ನೇರವಾಯಿತು.

ಹಾಗಾದರೆ ಅವನ ವಿಜಯನಗರದ ಹೊಗಳಿಕೆಯೆಲ್ಲ ಬೆಣ್ಣೆ ಸಕ್ಕರೆಯ ಋಣವೆ? ಇಷ್ಟು ಸುಲಭವಾಗಿ ಹೇಳಿ ಮುಗಿಸಿದರೆ ಅನ್ಯಾಯವಾದೀತು. ಯಾಕೆಂದರೆ ಅವನಿಗೆ ಸ್ವಲ್ಪವೂ ಹಿಡಿಸದ ಕಲ್ಲಿಕೋಟೆಯ ಬಗ್ಗೆ ಅವನೇ ಇನ್ನೊಂದು ಮಾತು ದಾಖಲಿಸಿದ್ದಾನೆ. ಆ ಬಂದರಿನಲ್ಲಿ ವ್ಯಾಪಾರಿಗಳು ಹಡಗಿನಿಂದ ಸರಕು ಇಳಿಸಿ ಬೀದಿಯಲ್ಲೇ ಬಿಟ್ಟು ಹೋಗುತ್ತಾರೆ, ಸುಂಕದ ಅಧಿಕಾರಿಗಳೇ ಹಗಲೂ ರಾತ್ರಿ ಅದನ್ನು ಕಾಯುತ್ತಾರೆ, ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಆಗದಿದ್ದರೆ ಏನೂ ಇಲ್ಲ, ಅಷ್ಟು ಭದ್ರವಾದ, ಅಷ್ಟು ನ್ಯಾಯವಾದ ಬಂದರು ಇದು ಎನ್ನುತ್ತಾನೆ. ತನ್ನನ್ನು ಯಾರೂ ಕೇಳದ ಊರು, ಮೈ ಬೆವರಿ ಮನಸ್ಸು ಹುಳಿಯಾಗಿದ್ದ ಊರು, ತವರಿನಿಂದ ತಂದ ಕಾಗದಕ್ಕೆ ಬೆಲೆ ಸಿಗದ ಊರು. ಆದರೂ ಆ ಊರಿನ ನ್ಯಾಯ ನ್ಯಾಯವೇ ಎಂದು ಬರೆಯಲು ಅವನ ಲೇಖನಿ ಹಿಂಜರಿಯಲಿಲ್ಲ. ಇಷ್ಟವಿಲ್ಲ ಎನ್ನುವುದು ಒಂದು, ಸುಳ್ಳು ಹೇಳುವುದು ಇನ್ನೊಂದು. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವ ಶಕ್ತಿ ಎಷ್ಟು ಜನರಿಗಿದೆ? ನಮ್ಮಲ್ಲಿ ಬಹುಮಂದಿಗೆ ಒಂದು ಊರು ಹಿಡಿಸಲಿಲ್ಲವೆಂದರೆ ಅಲ್ಲಿನ ನೀರು, ಅನ್ನ, ಜನ, ಭಾಷೆ, ದೇವರು ಯಾವುದರಲ್ಲೂ ಒಳ್ಳೆಯದು ಕಾಣುವುದಿಲ್ಲ; ಹಿಡಿಸಿತೆಂದರೆ ಅಲ್ಲಿನ ಬೀದಿಯ ಭಿಕ್ಷುಕನೂ ಸಂಸ್ಕಾರವಂತ.

ಕೆಲವು ದಶಕಗಳ ನಂತರ, 1470ರ ಆಸುಪಾಸಿನಲ್ಲಿ, ಇನ್ನೊಬ್ಬ ಕೆಲಸಗಾರ ಪಯಣಿಗ ನಮ್ಮ ಬೀದರಿಗೆ ಬಂದ. ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿಟಿನ್. ಇಲ್ಲಿ ಕುದುರೆಗೆ ಒಳ್ಳೆ ಬೆಲೆಯಿದೆ ಎಂದು ಯಾರದೋ ಮಾತು ನಂಬಿ ಒಂದು ಗಂಡು ಕುದುರೆಯನ್ನು ಸಮುದ್ರ ದಾಟಿಸಿ ತಂದ. ಜುನ್ನಾರಿನಲ್ಲಿ ಅಲ್ಲಿನ ಖಾನ ಕುದುರೆಯನ್ನು ಕಿತ್ತುಕೊಂಡು, ಮತ ಬದಲಾಯಿಸಿದರೆ ಕುದುರೆಯೂ ಉಂಟು, ಚಿನ್ನವೂ ಉಂಟು ಎಂದ. ಖುರಾಸಾನದ ಮುಸಲ್ಮಾನನೊಬ್ಬ ನಡುವೆ ಬಂದು ಅದನ್ನು ಬಿಡಿಸಿಕೊಟ್ಟ. ಬೀದರಿನಲ್ಲಿ ಕುದುರೆ ಮಾರಿಹೋಯಿತಾದರೂ, ತನ್ನ ದೇಶಕ್ಕೆ ಒಯ್ದು ಲಾಭ ಮಾಡುವಂಥ ಸರಕು ಇಲ್ಲಿ ಏನೂ ಇಲ್ಲ, ನನಗೆ ಸುಳ್ಳು ಹೇಳಿ ಕಳಿಸಿದರು ಎಂದು ಅವನು ಹಲುಬುತ್ತಾನೆ. ಹಳ್ಳಿಗರ ಬಡತನ, ಅಮೀರರ ಬೆಳ್ಳಿ ಪಲ್ಲಕ್ಕಿ ಎರಡೂ ಅವನ ಕಣ್ಣಿಗೆ ಬಿದ್ದವು. ವ್ಯಾಪಾರದ ಲೆಕ್ಕದಲ್ಲಿ ಬೀದರ್ ಅವನಿಗೆ ನಷ್ಟದ ಊರು. ಆದರೂ ಅಲ್ಲಿನ ಹಿಂದೂಗಳಿಗೆ ತಾನು ಮುಸಲ್ಮಾನನಲ್ಲ, ಕ್ರೈಸ್ತ ಎಂದು ಹೇಳಿಕೊಂಡ ಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲ ಎಂದು ಬರೆದುಕೊಂಡ. ಲಾಭವಿಲ್ಲದ ಊರಿನಲ್ಲೇ ಅವನಿಗೆ ಮನೆಯೊಳಗಿನ ಮಾತು ಸಿಕ್ಕಿತು. ಸರಕು ಸಿಕ್ಕಿದ್ದರೆ ಬೇಗ ಹೊರಟುಬಿಡುತ್ತಿದ್ದನೋ ಏನೋ.

ಆ ಹೊತ್ತಿಗೆ ಅದೇ ಬೀದರಿನಲ್ಲಿ ಇನ್ನೊಬ್ಬ ವ್ಯಾಪಾರಿ ಇದ್ದ. ಇರಾನಿನ ಗೀಲಾನಿನಿಂದ ಸರಕು ಹೇರಿಕೊಂಡು 1453ರಲ್ಲಿ ದಾಭೋಳ ಬಂದರಿನ ಮೂಲಕ ಬಂದ ಮಹಮೂದ್ ಗವಾನ್ ಹಿಂದಿರುಗಲಿಲ್ಲ. ಬಹಮನಿ ರಾಜ್ಯದ ಪ್ರಧಾನಿಯಾದ, 1472ರಲ್ಲಿ ಮುಗಿದ ಮದರಸಾ ಕಟ್ಟಿಸಿದ, ಅದರ ಗೋಡೆಗಳಿಗೆ ಇರಾನಿ ಶೈಲಿಯ ಹೆಂಚಿನ ಹಸಿರು ನೀಲಿಯನ್ನು ತೊಡಿಸಿದ. ಅವನನ್ನು ಕೇಳಿದ್ದರೆ ಇಷ್ಟವಾದ ದೇಶ ಯಾವುದೆನ್ನುವುದಕ್ಕೆ ಬೀದರ್ ಎಂದೇ ಹೇಳುತ್ತಿದ್ದನೇನೋ. ಅವನನ್ನು 1481ರಲ್ಲಿ ಕಳ್ಳ ಕಾಗದವೊಂದರ ಆಧಾರದ ಮೇಲೆ ತಲೆ ಕಡಿಸಿದ್ದೂ ಅದೇ ರಾಜ್ಯದ ಸುಲ್ತಾನ. ಬೀದರನ್ನು ದೂರಿದ ನಿಕಿಟಿನ್ ಹೇಗೋ ಹೊರಟು, ಸ್ವಂತ ನೆಲದ ಹತ್ತಿರ ಸ್ಮೊಲೆನ್‌ಸ್ಕ್ ಮುಟ್ಟುವ ಮೊದಲೇ ದಾರಿಯಲ್ಲಿ ಸತ್ತ. ಮೆಚ್ಚಿ ನೆಲೆ ನಿಂತವನನ್ನು ಮೆಚ್ಚಿದ ನೆಲವೇ ಕೊಂದಿತು. ಯಾವ ದೇಶ ಒಳ್ಳೆಯದು ಎಂಬ ಪ್ರಶ್ನೆಯನ್ನು ಇವರಿಬ್ಬರ ಮುಂದೆ ಇಟ್ಟರೆ ಅದು ಎಷ್ಟು ಎಳಸಾಗಿ ಕಾಣುತ್ತದೆ!

ನಮ್ಮ ಕಾಲಕ್ಕೆ ಬರೋಣ. ಇಂದಿನ ಕಚೇರಿಗಳಲ್ಲಿ ದೇಶಗಳಿಗೂ ಜಾತಿಯಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಯುರೋಪಿನ ಪ್ರವಾಸಕ್ಕೆ ಹಿರಿಯರು ಹೊರಡುತ್ತಾರೆ. ಸಿಂಗಪುರ, ಜಪಾನ್‌ಗಳಿಗೆ ನಡುವಿನವರು. ಆಫ್ರಿಕಾ ಎಂದರೆ ಹೊಸದಾಗಿ ಸೇರಿದ ಹುಡುಗನ ಹೆಸರು ತಾನಾಗಿ ಮುಂದೆ ಬರುತ್ತದೆ. ಆ ಹುಡುಗ ಹೋಗುವ ಮೊದಲೇ ಮನೆಯವರ ಮುಖ ಬಾಡಿರುತ್ತದೆ, ಸಹೋದ್ಯೋಗಿಗಳ ತಮಾಷೆ ಶುರುವಾಗಿರುತ್ತದೆ. ಹೋಗದೆಯೇ ಹಿಡಿಸದ ದೇಶ ಅದು. ಲೇಗೋಸಿನಲ್ಲಿ ನಾನು ಕಂಡ ರಸ್ತೆಯ ದಟ್ಟಣೆ, ಕಪ್ಪು ಪಟ್ಟೆಯ ಹಳದಿ ವ್ಯಾನುಗಳ ನುಗ್ಗಾಟ, ಕರೆಂಟು ಹೋದ ಕ್ಷಣಕ್ಕೆ ಬೀದಿಯುದ್ದಕ್ಕೂ ಒಟ್ಟಿಗೆ ಗುಡುಗುವ ಜನರೇಟರುಗಳು, ಇವು ಸುಖದ ಸಂಗತಿಗಳೇನೂ ಅಲ್ಲ. ಅಲ್ಲಿ ಹಣ ವಸೂಲಿಗೆ ಪಟ್ಟ ಪಾಡನ್ನು ನೆನೆದರೆ ಈಗಲೂ ಸಿಡುಕು ಬರುತ್ತದೆ. ಆದರೆ ಹಳೆಯ ಲೇತ್ ಒಂದರ ಗೇರು ಮುರಿದಾಗ, ಹೊಸದು ಬರುವವರೆಗೆ ಕಾಯದೆ, ಬೇರೊಂದು ಯಂತ್ರದ ಗುಜರಿಯಿಂದ ಉಕ್ಕಿನ ತುಂಡು ತಂದು ಅರ್ಧ ದಿನ ಕೂತು ಹಲ್ಲು ಕೆತ್ತಿ ಕೂರಿಸಿದ ಅಲ್ಲಿನ ವರ್ಕ್‌ಶಾಪಿನ ಮೇಸ್ತ್ರಿಯನ್ನು ನೋಡಿದಾಗ ನಮ್ಮ ಜೆ.ಸಿ. ರಸ್ತೆಯ ಗ್ಯಾರೇಜುಗಳವರು ಇವನನ್ನು ಕಂಡರೆ ಎದ್ದು ಕೈ ಕುಲುಕುತ್ತಿದ್ದರು ಎನ್ನಿಸಿತು. ನಮ್ಮವರು ಮಾಡುವ ಇಷ್ಟಾನಿಷ್ಟದ ಪಟ್ಟಿಗಳನ್ನು ಸುಮ್ಮನೆ ಒಂದರ ಕೆಳಗೊಂದು ಬರೆದು ನೋಡಿ. ಹೆಚ್ಚುಕಡಿಮೆ ತಲಾದಾಯದ ಪಟ್ಟಿಯೇ ಅದು, ನಡುನಡುವೆ ಚರ್ಮದ ಬಣ್ಣದ ಪಟ್ಟಿ. ಬಡತನವನ್ನು ಕಂಡು ಮುಖ ಸಿಂಡರಿಸುವುದನ್ನು ನಾವು ಅಭಿರುಚಿ ಎಂದು ಕರೆದುಕೊಳ್ಳುತ್ತೇವೆ. ಈ ಮಾತು ಕಟುವಾಯಿತೆಂದು ಯಾರಿಗಾದರೂ ಅನ್ನಿಸಿದರೆ ನನ್ನ ತಕರಾರಿಲ್ಲ.

ಹಾಗಂತ ಎಲ್ಲ ದೇಶಗಳೂ ಒಂದೇ, ಎಲ್ಲರೂ ಒಳ್ಳೆಯವರೇ ಎಂಬ ಹಿತವಾದ ಮಾತಿಗೆ ಜಾರಿಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ. ಕೇಳಿದವರಿಗೆ ಹೆಸರು ಹೇಳಲೇಬೇಕು. ನನಗೆ ಇಷ್ಟವಾದದ್ದು ಜರ್ಮನಿ, ಅದೂ ಬರ್ಲಿನ್ನಿನಂಥ ದೊಡ್ಡ ಊರಲ್ಲ. ಸ್ಟುಟ್‌ಗಾರ್ಟಿನ ಆಚೆ ಶ್ವಾಬಿಯಾ ಸೀಮೆಯ ಒಂದು ಸಣ್ಣ ಪಟ್ಟಣ. ಅಲ್ಲಿ ನನ್ನನ್ನು ಯಾರೂ ಉಪಚರಿಸಲಿಲ್ಲ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿ, ತಂದ ಅವಲಕ್ಕಿ ಚಟ್ನಿಪುಡಿಯೇ ಗತಿಯಾಯಿತು. ಕಾರ್ಖಾನೆಯಲ್ಲಿ ನಮ್ಮ ಬಿಡಿಭಾಗವೊಂದು ಅಳತೆಗೆ ಕೂರುತ್ತಿಲ್ಲ ಎಂಬ ದೂರು ಬಂದಿತ್ತು, ಅದಕ್ಕಾಗಿಯೇ ನಾನು ಹೋದದ್ದು. ನಿವೃತ್ತಿಯ ಅಂಚಿನಲ್ಲಿದ್ದ ಫೋರ್‌ಮನ್ ಆ ಭಾಗವನ್ನು ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು, ಇದು ನಿಮ್ಮ ತಪ್ಪು ಎಂದ, ಹೆಚ್ಚಿಗೆ ಒಂದು ಮಾತಿಲ್ಲ. ನಾನು ಒಪ್ಪಲಿಲ್ಲ. ಮಧ್ಯಾಹ್ನ ಅವನು ತನ್ನ ಡಬ್ಬಿಯ ಬ್ರೆಡ್ಡನ್ನು ತನ್ನ ಮೇಜಿನಲ್ಲಿ ಕುಳಿತು ತಿಂದ, ಬನ್ನಿ ಎಂದು ಕರೆಯಲಿಲ್ಲ. ನಾನು ಹೊರಗೆ ಹೋಗಿ ಚೀಸ್ ಹಾಕಿದ ಶ್ಪೆಟ್ಸ್‌ಲೆ ತಿಂದು ಬಂದೆ. ಸಂಜೆಯವರೆಗೆ ಇಬ್ಬರೂ ಮೈಕ್ರೋಮೀಟರ್ ಹಿಡಿದು, ಹಾಳೆಯ ಮೇಲೆ ಗೆರೆ ಎಳೆದು, ಅರ್ಧ ಅವನ ಇಂಗ್ಲಿಷ್ ಅರ್ಧ ಕೈಸನ್ನೆಯಲ್ಲಿ ವಾದಿಸಿದೆವು. ಮರುದಿನ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅವನು ತನ್ನ ಫಿಕ್ಸ್‌ಚರನ್ನೇ ಬಿಚ್ಚಿ ಮೇಜಿನ ಮೇಲಿಟ್ಟಿದ್ದ. ಅದರ ಒಂದು ಹಿಡಿ ಸವೆದಿತ್ತು. ಇದು ನಮ್ಮ ತಪ್ಪು ಎಂದ, ಹಿಂದಿನ ದಿನ ನಮ್ಮದು ಎಂದಾಗ ಇದ್ದ ದನಿಯಲ್ಲೇ. ಒಂದು ಹನಿ ನಾಚಿಕೆಯಿಲ್ಲ, ಒಂದು ಹನಿ ಔದಾರ್ಯವೂ ಇಲ್ಲ. ಕ್ಷಮೆ ಕೇಳಬೇಕೆಂದು ಅವನಿಗೆ ತೋಚಲಿಲ್ಲ, ಕೇಳಬೇಕಿತ್ತೆಂದು ನನಗೂ ಅನ್ನಿಸಲಿಲ್ಲ. ಅಳತೆಯ ಮುಂದೆ ನಾವಿಬ್ಬರೂ ಒಂದೇ ಎಂಬ ಆ ಬರಡು ಸಮಾನತೆ ನನಗೆ ಯಾವ ಆತಿಥ್ಯಕ್ಕಿಂತಲೂ ದೊಡ್ಡದಾಗಿ ಕಂಡಿತು. ಆದರ ಕೊಟ್ಟವರೆಲ್ಲ ನಮ್ಮನ್ನು ಗಣನೆಗೆ ತೆಗೆದುಕೊಂಡವರೇ ಆಗಿರಬೇಕೆಂದಿಲ್ಲ.

ಹಿಡಿಸದ ಊರು ದುಬೈ. ಇದನ್ನು ಹೇಳಿದಾಗ ಪಂಕ್ತಿಯವರು ನಗುತ್ತಾರೆ, ಏಕೆಂದರೆ ಸುಖದ ಲೆಕ್ಕದಲ್ಲಿ ಅಲ್ಲಿ ಕೊರತೆಯೆಂಬುದೇ ಇಲ್ಲ. ವಿಮಾನದಿಂದ ಕಾರಿಗೆ, ಕಾರಿನಿಂದ ಹೋಟೆಲಿಗೆ, ಹೋಟೆಲಿನಿಂದ ಸಭೆಗೆ ಹೋಗುವವರೆಗೆ ಮೈಗೆ ಬಿಸಿಲು ಸೋಕುವುದಿಲ್ಲ, ಬಾಗಿಲನ್ನು ನಮ್ಮ ಕೈಯಿಂದ ತೆರೆಯಬೇಕಾಗುವುದಿಲ್ಲ. ಎಲ್ಲ ಕಡೆ ಸರ್, ಸರ್. ಆದರೆ ಸರ್ ಎನ್ನುವ ಬಾಯಿಗಳೆಲ್ಲ ನಮ್ಮವೇ. ಬಾಗಿಲು ತೆರೆಯುವವನು ಮಲಬಾರಿನವನು, ಕಾರು ಓಡಿಸುವವನು ಪೇಶಾವರದವನು, ಅಟ್ಟಣಿಗೆಯ ಮೇಲೆ ನಿಂತು ಗಾಜು ಒರೆಸುವವನು ಬಿಹಾರದವನು. ಬೇಸಗೆಯ ನಡುವಿನ ಮೂರು ತಿಂಗಳು ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಲ್ಲಿ ಯಾರನ್ನೂ ದುಡಿಸಬಾರದೆಂದು ಅಲ್ಲಿ ಕಾನೂನಿದೆ, ಒಳ್ಳೆಯ ಕಾನೂನೇ. ಕಿಟಕಿಯ ಈಚೆ ತಣ್ಣಗೆ ಕುಳಿತು ನೋಡಿದರೆ ಅಂಥದೊಂದು ಕಾನೂನು ಬೇಕಾಗುವಂಥ ಬಿಸಿಲಿನಲ್ಲಿ ಈ ಊರು ಎದ್ದು ನಿಂತದ್ದು ಹೇಗೆ ಎಂಬ ಯೋಚನೆ ಬಿಡುವುದಿಲ್ಲ. ನನಗೆ ಸಿಕ್ಕಿದ ಒಂದೊಂದು ಸುಖಕ್ಕೂ ನನ್ನ ಊರಿನವನೇ ಯಾರೋ ನಿಂತುಕೊಂಡು ಬೆಲೆ ತೆರುತ್ತಿದ್ದಾನೆ ಎನ್ನಿಸಿ ಕುಳಿತ ಸೋಫಾ ಚುಚ್ಚುತ್ತಿತ್ತು.

ಒಂದು ಸಂಜೆ ಲಿಫ್ಟಿನ ಬಳಿ ನಾನು ಮನೆಗೆ ಫೋನು ಮಾಡಿ ಮಾತಾಡುವುದನ್ನು ಕೇಳಿಸಿಕೊಂಡು, ಹಿತ್ತಾಳೆಯ ಹಿಡಿ ಉಜ್ಜುತ್ತಿದ್ದವನು ಹತ್ತಿರ ಬಂದ. “ಊರ್ ಯಾವ್ದ್ ಸಾರ್ ನಿಮ್ದ್?” ಕುಂದಾಪುರದ ಕಡೆಯ ಮಾತು. ಬಟ್ಟೆಯನ್ನು ನಾಲ್ಕಾಗಿ ಮಡಚಿ ಹೆಗಲ ಮೇಲಿಟ್ಟುಕೊಂಡು, ಮೇಲಿನವರು ಯಾರಾದರೂ ಬರುತ್ತಾರೇನೋ ಎಂದು ಆಗಾಗ ಓಣಿಯ ಕಡೆ ನೋಡುತ್ತಲೇ ಮಾತಾಡಿದ. ಇಲ್ಲಿ ಕಷ್ಟವಲ್ಲವೆ ಎಂದು ನಾನು ಸ್ವಲ್ಪ ಮರುಕದ ದನಿಯಲ್ಲೇ ಕೇಳಿರಬೇಕು. “ಅಡ್ಡಿಲ್ಲ ಮರಾಯ್ರೆ,” ಎಂದ. “ಈ ಊರು ನಂಗೆ ಮನೆ ಕಟ್ಟಿ ಕೊಟ್ಟಿತ್. ತಂಗಿ ಮದಿ ಮಾಡ್ಸಿತ್.” ಆಮೇಲೆ ಫೋನು ತೆಗೆದು ಮನೆಯ ಚಿತ್ರ ತೋರಿಸಿದ. ಹಂಚಿನ ಹಳೆಯ ಮನೆಯ ಪಕ್ಕ ತಾರಸಿಯ ಹೊಸದು, ಅದಕ್ಕೆ ಗಾಢ ಹಸಿರು ಬಣ್ಣ, ಎದುರಿಗೆ ಇನ್ನೂ ಹೊತ್ತು ಹಾಕದ ಜಲ್ಲಿಯ ರಾಶಿ. ಅವನಿಗೆ ಆ ಊರು ಇಷ್ಟವಾದ ದೇಶ. ಅವನ ಪರವಾಗಿ ನಾನು ಹೊತ್ತುಕೊಂಡಿದ್ದ ಅಸಮಾಧಾನವನ್ನು ಅವನೇ ಹೀಗೆ ಇಳಿಸಿಟ್ಟ ಮೇಲೆ ನಾನು ಏನು ಮಾಡಬೇಕು?

ಈ ಪ್ರಶ್ನೆಯನ್ನು ಬಹಳ ಕಾಲ ಯೋಚಿಸಿದ್ದೇನೆ. ಅವನು ತೃಪ್ತನಾಗಿದ್ದಾನೆ, ಆದ್ದರಿಂದ ನನ್ನ ಕಿರಿಕಿರಿ ಬರೀ ಉಳ್ಳವನ ನಾಜೂಕು ಎಂದುಬಿಡಬಹುದು. ಅದರಲ್ಲಿ ನಿಜವೂ ಇದೆ; ಊರಲ್ಲಿ ಅವನಿಗೆ ಮನೆ ಕಟ್ಟಿಕೊಡದ ನಾಡಿನ ಮೇಲೆ ನನಗೆ ಅಷ್ಟೇ ಕೋಪ ಬರಬೇಕಿತ್ತಲ್ಲ, ಪೀಣ್ಯದ ಫೌಂಡ್ರಿಗಳಲ್ಲಿ ದುಡಿಯುವ ರಾಯಚೂರಿನ, ಒಡಿಶಾದ ಹುಡುಗರು ಮಲಗುವ ಕೋಣೆಗಳನ್ನು ನಾನು ಎಷ್ಟು ಸಲ ಇಣುಕಿ ನೋಡಿದ್ದೇನೆ? ಆದರೆ ಅವನ ಕೃತಜ್ಞತೆ ಆ ಊರಿನ ಏರ್ಪಾಡಿಗೆ ಕೊಟ್ಟ ಸರ್ಟಿಫಿಕೇಟು ಎಂದು ತಿಳಿಯುವುದೂ ಸರಿಯಲ್ಲ. ಬೇರೆ ದಾರಿಯಿಲ್ಲದವನಿಗೆ ಸಿಕ್ಕ ಒಂದೇ ದಾರಿ ಪ್ರಿಯವಾಗುತ್ತದೆ. ಹಾಗಾಗಿ ನನ್ನ ಉತ್ತರವನ್ನು ನಾನು ಬದಲಾಯಿಸಿಲ್ಲ. ಅದರ ಪಕ್ಕದಲ್ಲಿ ಅವನ ಉತ್ತರವನ್ನೂ ಸೇರಿಸಿ ಹೇಳುತ್ತೇನೆ. ಕಲ್ಲಿಕೋಟೆ ಹಿಡಿಸಲಿಲ್ಲ, ಆದರೆ ಅಲ್ಲಿನ ಬಂದರಿನಲ್ಲಿ ಸರಕು ಕಳುವಾಗುವುದಿಲ್ಲ ಎಂದ ಹೆರಾತಿನವನು ಮಾಡಿದ್ದೂ ಇದನ್ನೇ ಅಲ್ಲವೆ?

ಇಷ್ಟಕ್ಕೂ ನಾವು ಮಾತ್ರ ಪಟ್ಟಿ ಮಾಡುವವರಲ್ಲ, ನಮ್ಮ ಹೆಸರೂ ಯಾರಯಾರದೋ ಪಟ್ಟಿಯಲ್ಲಿದೆ. ತುಮಕೂರು ರಸ್ತೆಯ ಪ್ರದರ್ಶನ ಮೈದಾನದಲ್ಲಿ ಇಮ್ಟೆಕ್ಸ್ ಯಂತ್ರಮೇಳ ನಡೆಯುವಾಗ ಬಂದಿಳಿಯುವ ಪರದೇಶದವರಿಗೆ ಕರ್ನಾಟಕವೆಂದರೆ ವಿಮಾನ ನಿಲ್ದಾಣದ ರಸ್ತೆ, ಗೊರಗುಂಟೆಪಾಳ್ಯದ ಟ್ರಾಫಿಕ್ಕು, ಹೋಟೆಲು, ಮತ್ತು ನಮ್ಮ ನಗು. ಜೋಗ, ಬೇಲೂರು, ಬಸವಣ್ಣ ಯಾವುದೂ ಆ ದಾರಿಯಲ್ಲಿ ಸಿಗುವುದಿಲ್ಲ. ಅವರನ್ನು ನಾವು ಕಾರು ಹತ್ತಿಸಿಕೊಂಡ ಗಳಿಗೆಯಿಂದ ಕೇಳತೊಡಗುತ್ತೇವೆ: ನಮ್ಮ ದೇಶ ಹೇಗನ್ನಿಸಿತು? ಡ್ರೈವರ್ ಕೇಳುತ್ತಾನೆ, ಸ್ಟಾಲಿನ ಹುಡುಗಿ ಕೇಳುತ್ತಾಳೆ, ಮಾಲೀಕರು ರಾತ್ರಿ ಊಟಕ್ಕೆ ಕೂರಿಸಿ ಕೇಳುತ್ತಾರೆ. ಕೇಳುವಾಗಲೇ ಮುಖದಲ್ಲಿ ಉತ್ತರ ಬರೆದಿಟ್ಟುಕೊಂಡಿರುತ್ತೇವೆ, ಬಂದವನು ಅದನ್ನು ಓದಿ ಹೇಳಿದರಾಯಿತು. ಇಷ್ಟೊಂದು ಹಸಿವು ಏಕೆ ನಮಗೆ? ಆ ಜರ್ಮನ್ ಫೋರ್‌ಮನ್ ತನ್ನ ದೇಶ ಹೇಗಿದೆ ಎಂದು ನನ್ನನ್ನು ಒಂದು ಸಲವೂ ಕೇಳಿರಲಿಲ್ಲ. ಅದು ನನ್ನಿಂದ ಗೊತ್ತಾಗಬೇಕಾದ ಸಂಗತಿಯೆಂದು ಅವನಿಗೆ ತೋಚಿರಲಾರದು.

ಒಮ್ಮೆ ಹಾಗೆ ಬಂದ ಇಟಲಿಯ ಗಿರಾಕಿಯೊಬ್ಬನನ್ನು ನಾನೂ ಊಟದ ಹೊತ್ತಿನಲ್ಲಿ ಕೇಳಿದೆ. ಅವನು ದೋಸೆಯ ತುದಿ ಮುರಿಯುತ್ತ ಸ್ವಲ್ಪ ಹೊತ್ತು ಯೋಚಿಸಿದ, ಹೊಗಳಿಕೆಯ ಸಿದ್ಧ ಮಾತು ನಾಲಗೆಗೆ ಬಂದದ್ದೂ ಕಂಡಿತು, ಅದನ್ನು ಅವನು ನುಂಗಿಕೊಂಡದ್ದೂ ಕಂಡಿತು. ನಡೆಯಲು ಫುಟ್‌ಪಾತ್ ಇಲ್ಲ, ಅದಕ್ಕೆ ಒಗ್ಗಿಕೊಳ್ಳಬಹುದು, ಎಂದ. ಆದರೆ ನಿಮ್ಮ ಕಾರ್ಖಾನೆಗಳಲ್ಲಿ ಯಾವ ತಾರೀಖು ಕೇಳಿದರೂ ಆಗುತ್ತದೆ ಎನ್ನುತ್ತಾರೆ, ಆಗುವುದಿಲ್ಲ ಎಂದು ನನ್ನ ಮುಖ ನೋಡಿ ಹೇಳುವ ಒಬ್ಬರೂ ಈ ವಾರದಲ್ಲಿ ಸಿಗಲಿಲ್ಲ, ಅದು ನನಗೆ ಹಿಡಿಸಲಿಲ್ಲ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕೆವು. ಮಾಲೀಕರು ಇನ್ನೊಂದು ದೋಸೆ ತರಿಸಿದರು. ಮರುದಿನ ಅವನು ಕೇಳಿದ ಮಾಲು ಆರು ವಾರದಲ್ಲಿ ಆಗುವುದಿಲ್ಲ, ಹತ್ತು ವಾರ ಬೇಕು ಎಂದು ನಾನು ಬರೆದು ಕೊಟ್ಟಾಗ ಮಾಲೀಕರ ಮುಖ ಕಪ್ಪಿಟ್ಟಿತು. ಇಟಲಿಯವನು ಕಾಗದವನ್ನು ಎರಡು ಸಲ ಓದಿ, ಹತ್ತರ ಅಂಕೆಯ ಸುತ್ತ ಗೆರೆ ಎಳೆದು, ಬೆಲೆಯ ಮಾತು ಶುರು ಮಾಡಿದ.